ಕರ್ನಾಟಕದ ಸಂಶೋಧನಾ ತಂಡಗಳು ಮತ್ತು ಮಹಿಳಾ ವಿಜ್ಞಾನಿಗಳು

ಹಲವರು ಕೂಡಿ ದುಡಿಯುವ ಪ್ರಯೋಗಾಲಯ, ಕ್ಷೇತ್ರಕೇಂದ್ರ, ಯೋಜನೆಗಳು ವಿಜ್ಞಾನಿಗಳ ವೃತ್ತಿಯನ್ನು, ಅದರಲ್ಲೂ ಮಹಿಳೆಯರ ವೃತ್ತಿಯನ್ನು, ಹೇಗೆ ರೂಪಿಸಿದವು ಎಂಬುದು ಈ ಲೇಖನದ ವಿಷಯ. ಕರ್ನಾಟಕದಲ್ಲಿ ಇದರ ಇತಿಹಾಸ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ (ಸ್ಥಾಪನೆ 1909), ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಕೋಲಾರದ ಚಿನ್ನದ ಗಣಿಯ ಭೌತವಿಜ್ಞಾನ ಪ್ರಯೋಗಗಳು ಮತ್ತು ಇಸ್ರೋ ಕೇಂದ್ರಗಳಲ್ಲಿ ಹರಡಿಕೊಂಡಿದೆ. ಜನಪ್ರಿಯ ಬರಹಗಳು ಇದನ್ನು ‘ಮೊದಲ ಮಹಿಳೆ’ಯರ ಸಾಲಾಗಿ ಹೇಳಿಕೊಂಡು ಬಂದಿವೆ. ಆ ಸಾಲಿನಲ್ಲಿ ತಪ್ಪುಗಳಿವೆ. ತಂಡಕ್ಕೆ ಸೇರಿದ ದಿನವನ್ನು ಹೇಳುವ ಬರಹಗಳು ಸೇರಿದ ಮೇಲೆ ಮಾತುಕತೆ, ಪದವಿ, ಲೇಖಕರ ಪಟ್ಟಿ, ಬಡ್ತಿ ಇವುಗಳಲ್ಲಿ ಯಾವುದು ದಕ್ಕಿತು, ಯಾವುದು ದಕ್ಕಲಿಲ್ಲ ಎಂದು ಕೇಳಿರುವುದು ಕಡಿಮೆ.

‘ಮೊದಲ ವಿದ್ಯಾರ್ಥಿನಿ’ಯ ಗೊಂದಲ

ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ವಿದ್ಯಾರ್ಥಿನಿ ಕಮಲಾ ಭಾಗವತ್ (ಮದುವೆಯ ನಂತರ ಕಮಲಾ ಸೊಹೊನಿ, ನಿಧನ 1998) ಎಂಬ ಮಾತು ಶಾಲಾ ಭಾಷಣಗಳಿಂದ ಪತ್ರಿಕೆಗಳವರೆಗೆ ಪ್ರಚಲಿತ. ಸಂಸ್ಥೆಯ ಹಳೆಯ ದಾಖಲೆಗಳನ್ನು ಈಚೆಗೆ ತಿರುವಿದವರು ಬೇರೆ ಮಾಹಿತಿ ಕೊಟ್ಟಿದ್ದಾರೆ. 1920ರ ದಶಕದ ಆರಂಭದಲ್ಲೇ ಎಂ.ಎಂ. ಮೆಹ್ತಾ ಮತ್ತು ಆರ್.ಕೆ. ಕ್ರಿಸ್ಟಿ ಎಂಬ ಇಬ್ಬರು ಮಹಿಳೆಯರು ಅಲ್ಲಿ ಪ್ರವೇಶ ಪಡೆದಿದ್ದರು. ಹಾಗಾದರೆ ಕಮಲಾ ಮೊದಲಿಗರಲ್ಲ. ಹೊಸ ನಿರ್ದೇಶಕ ಸಿ.ವಿ. ರಾಮನ್ ಹಾಕಿದ ತಡೆಯನ್ನು ದಾಟಿ ಒಳಗೆ ಬಂದವರು ಎನ್ನುವುದು ಹೆಚ್ಚು ಸರಿ. ಒಮ್ಮೆ ತೆರೆದಿದ್ದ ಬಾಗಿಲು ನಡುವೆ ಮುಚ್ಚಿತ್ತು ಎಂಬುದು ‘ಮೊದಲಿಗರು’ ಎಂಬ ಹೊಗಳಿಕೆಯಲ್ಲಿ ಮರೆತುಹೋಗಿತ್ತು.

‘ಪಿಎಚ್.ಡಿ. ಪಡೆದ ಮೊದಲ ಭಾರತೀಯ ಮಹಿಳಾ ವಿಜ್ಞಾನಿ’ ಎಂಬ ಬಿರುದಿನಲ್ಲೂ ಇಂಥದೇ ಗೋಜಲಿದೆ. ಕಮಲಾ 1939ರಲ್ಲಿ ಕೇಂಬ್ರಿಜ್‌ನಿಂದ ಪಿಎಚ್.ಡಿ. ಪಡೆದರು. ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಅದಕ್ಕೂ ಎಂಟು ವರ್ಷ ಮುಂಚೆ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಡಾಕ್ಟರೇಟ್ ಪಡೆದಿದ್ದರು. ರಸಾಯನವಿಜ್ಞಾನಿ ಅಸೀಮಾ ಚಟರ್ಜಿ 1944ರಲ್ಲಿ ಭಾರತದ್ದೇ ವಿಶ್ವವಿದ್ಯಾಲಯದ ಡಿ.ಎಸ್ಸಿ. ಪಡೆದವರು. ಮೂವರಿಗೂ ಒಂದೊಂದು ‘ಮೊದಲು’ ಸಲ್ಲುತ್ತದೆ. ಬಳಸುವವರು ಯಾವ ಪದವಿ, ಎಲ್ಲಿಯದು ಎಂದು ಬಿಡಿಸಿ ಹೇಳಬೇಕಷ್ಟೆ.

1933ರಲ್ಲಿ ಸಿ.ವಿ. ರಾಮನ್ ಭಾರತೀಯ ವಿಜ್ಞಾನ ಸಂಸ್ಥೆಯ ಮೊದಲ ಭಾರತೀಯ ನಿರ್ದೇಶಕರಾದರು. ಅದೇ ವರ್ಷ ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಮುಗಿಸಿ ಬಂದ ಕಮಲಾ ಅವರ ಅರ್ಜಿಯನ್ನು ಹೆಣ್ಣೆಂಬ ಕಾರಣಕ್ಕೆ ರಾಮನ್ ತಿರಸ್ಕರಿಸಿದರು. ಕಮಲಾ ಪಟ್ಟು ಬಿಡಲಿಲ್ಲ. ಕೊನೆಗೆ ಷರತ್ತುಗಳ ಮೇಲೆ ಪ್ರವೇಶ ಸಿಕ್ಕಿತು. ಮೊದಲ ವರ್ಷ ಪರೀಕ್ಷಾರ್ಥ. ಮಾರ್ಗದರ್ಶಕರು ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು. ಪ್ರಯೋಗಾಲಯದ ವಾತಾವರಣ ಕೆಡಿಸಬಾರದು, ಅಂದರೆ ಗಂಡು ವಿದ್ಯಾರ್ಥಿಗಳ ಗಮನ ಬೇರೆಡೆ ಸೆಳೆಯಬಾರದು. ಈ ಕಥೆಯ ಮುಖ್ಯ ಆಧಾರ ಕಮಲಾ ಅವರೇ ದಶಕಗಳ ನಂತರ, ವೃದ್ಧಾಪ್ಯದಲ್ಲಿ, ಹೇಳಿಕೊಂಡ ಮಾತು. ಹೀಗಾಗಿ ವಿವರಗಳು ಬರಹದಿಂದ ಬರಹಕ್ಕೆ ಬದಲಾಗುತ್ತವೆ. ಅವರು ನಿರ್ದೇಶಕರ ಕಚೇರಿಯ ಮುಂದೆ ಸತ್ಯಾಗ್ರಹ ಕೂತರು ಎಂದು ಕೆಲವರು ಬರೆಯುತ್ತಾರೆ, ವಾದ ಮಾಡಿ ಒಪ್ಪಿಸಿದರು ಎಂದು ಇನ್ನು ಕೆಲವರು. ಷರತ್ತುಗಳಿದ್ದವು ಮತ್ತು ಆ ಅವಮಾನವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ ಎಂಬ ಎರಡರಲ್ಲಿ ಮಾತ್ರ ಎಲ್ಲ ನಿರೂಪಣೆಗಳೂ ಒಂದಾಗುತ್ತವೆ.

ಕಮಲಾ ಕೆಲಸ ಮಾಡಿದ್ದು ಜೀವರಸಾಯನ ವಿಭಾಗದ ಎಂ. ಶ್ರೀನಿವಾಸಯ್ಯನವರ ಬಳಿ. ಹಾಲು ಮತ್ತು ಬೇಳೆಕಾಳುಗಳ ಪ್ರೋಟೀನು ಅವರ ವಿಷಯ. ಅವರನ್ನು ತಡೆದವರೂ ಒಳಗೆ ಬಂದ ಮೇಲೆ ಬೆಳೆಸಿದವರೂ ಬೇರೆಬೇರೆ ಎಂಬ ಸಂಗತಿಯನ್ನು ರಾಮನ್ ಹೆಸರಿನ ಸುತ್ತಲೇ ಸುತ್ತುವ ಬರಹಗಳು ಬಿಟ್ಟುಬಿಡುತ್ತವೆ. ಒಂದು ವರ್ಷದ ಕೆಲಸ ನೋಡಿ ರಾಮನ್ ತೃಪ್ತರಾದರು, ನಂತರ ತಮ್ಮದೇ ವಿಭಾಗಕ್ಕೂ ಮಹಿಳೆಯರನ್ನು ತೆಗೆದುಕೊಂಡರು.

ರಾಮನ್ ಪ್ರಯೋಗಾಲಯ: ಒಳಗಿದ್ದೂ ಹೊರಗೆ

ಈ ಇತಿಹಾಸದಲ್ಲಿ ಹೆಚ್ಚು ಚರ್ಚೆಯಾದ ಮತ್ತು ಹೆಚ್ಚು ಚೆನ್ನಾಗಿ ದಾಖಲಾದ ಅಧ್ಯಾಯ ಇದು. ರಾಮನ್ ಅವರ ಬೆಂಗಳೂರಿನ ಪ್ರಯೋಗಾಲಯದಲ್ಲಿ ಮೂವರು ಮಹಿಳೆಯರಿದ್ದರು: ಲಲಿತಾ ದೊರೈಸ್ವಾಮಿ, ಸುನಂದಾ ಬಾಯಿ, ಅನ್ನಾ ಮಣಿ. ಲಲಿತಾ 1936ರಲ್ಲಿ ಖಗೋಳವಿಜ್ಞಾನಿ ಎಸ್. ಚಂದ್ರಶೇಖರ್ ಅವರನ್ನು ಮದುವೆಯಾಗಿ ವಿದೇಶಕ್ಕೆ ಹೋದರು. ಅವರ ಸಂಶೋಧನೆ ಅಲ್ಲಿಗೆ ನಿಂತಿತು. ಸುನಂದಾ ಬಾಯಿ ಬೆಳಕಿನ ಚದುರುವಿಕೆಯ ಮೇಲೆ ಹಲವು ಪ್ರಬಂಧಗಳನ್ನು ಒಬ್ಬರೇ ಪ್ರಕಟಿಸಿದರು. ಅವರಿಗೆ ಪಿಎಚ್.ಡಿ. ಸಿಗಲಿಲ್ಲ. ಮುಂದಿನ ಸಂಶೋಧನೆಗೆ ಸ್ವೀಡನ್‌ಗೆ ಹೊರಡುವ ಮುನ್ನವೇ ಅವರು ಆತ್ಮಹತ್ಯೆ ಮಾಡಿಕೊಂಡರು. ಕಾರಣದ ಬಗ್ಗೆ ಊಹೆ ಮಾಡಿದವರಿದ್ದಾರೆ, ಆಧಾರ ಕೊಟ್ಟವರಿಲ್ಲ.

ಅನ್ನಾ ಮಣಿ (1918–2001) ತಿರುವಾಂಕೂರಿನ ಪೀರುಮೇಡಿನವರು, ಏಲಕ್ಕಿ ತೋಟಗಳಿದ್ದ ಮನೆತನದವರು. 1940ರಲ್ಲಿ ವಿದ್ಯಾರ್ಥಿವೇತನ ಪಡೆದು ಬೆಂಗಳೂರಿಗೆ ಬಂದು ವಜ್ರ ಮತ್ತು ಮಾಣಿಕ್ಯಗಳ ರೋಹಿತ ಅಧ್ಯಯನಕ್ಕೆ ತೊಡಗಿದರು. ವಜ್ರದಿಂದ ಹೊಮ್ಮುವ ಬೆಳಕು ತೀರ ಮಂದ. ಅದು ಛಾಯಾಫಲಕದ ಮೇಲೆ ಮೂಡಬೇಕಾದರೆ ಹದಿನೈದು ಇಪ್ಪತ್ತು ಗಂಟೆ ಬಿಡಬೇಕಿತ್ತು. ಹಾಗಾಗಿ ಅವರು ಎಷ್ಟೋ ರಾತ್ರಿ ಪ್ರಯೋಗಾಲಯದಲ್ಲೇ ಕಳೆದರು. 1942 ಮತ್ತು 1945ರ ನಡುವೆ ಅವರೊಬ್ಬರ ಹೆಸರಿನಲ್ಲೇ ಐದು ಪ್ರಬಂಧಗಳು ಪ್ರಕಟವಾದವು. ಆಗ ಭಾರತೀಯ ವಿಜ್ಞಾನ ಸಂಸ್ಥೆ ತಾನೇ ಪದವಿ ಕೊಡುತ್ತಿರಲಿಲ್ಲ. 1945ರ ಆಗಸ್ಟ್‌ನಲ್ಲಿ ಅವರು ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಮಹಾಪ್ರಬಂಧ ಸಲ್ಲಿಸಿದರು. ಎಂ.ಎಸ್ಸಿ. ಪದವಿ ಇಲ್ಲ ಎಂಬ ಕಾರಣಕ್ಕೆ ವಿಶ್ವವಿದ್ಯಾಲಯ ಪಿಎಚ್.ಡಿ. ನಿರಾಕರಿಸಿತು. ಬಿ.ಎಸ್ಸಿ. ಆನರ್ಸ್ ಆಧಾರದ ಮೇಲೆಯೇ ಸಂಶೋಧನಾ ವಿದ್ಯಾರ್ಥಿವೇತನ ಪಡೆದು ಬಂದವರಿಗೆ ಕೊನೆಯಲ್ಲಿ ಬಂದ ಆಕ್ಷೇಪ ಇದು. ಆ ಮಹಾಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿದೆ.

ಇತಿಹಾಸಕಾರ್ತಿ ಆಭಾ ಸೂರ್ ಅವರು ಅನ್ನಾ ಮಣಿಯವರನ್ನು ಸಂದರ್ಶಿಸಿ ಬರೆದ ಅಧ್ಯಯನ (2011ರಲ್ಲಿ ‘ಡಿಸ್ಪರ್ಸ್ಡ್ ರೇಡಿಯನ್ಸ್’ ಎಂಬ ಪುಸ್ತಕದಲ್ಲಿ ಸೇರಿದೆ) ಈ ಪ್ರಯೋಗಾಲಯದ ಒಳಗಿನ ನಡವಳಿಕೆಯನ್ನು ಬೆಳಕಿಗೆ ತಂದಿತು. ಗಂಡು ಹೆಣ್ಣು ವಿದ್ಯಾರ್ಥಿಗಳು ಒಟ್ಟಿಗೆ ಓಡಾಡುವುದು, ಹರಟುವುದು ರಾಮನ್ ಅವರಿಗೆ ಹಿಡಿಸುತ್ತಿರಲಿಲ್ಲ. ಹಾಗಾಗಿ ಮಹಿಳೆಯರು ತಮ್ಮ ಉಪಕರಣದ ಜೊತೆ ಒಬ್ಬೊಬ್ಬರೇ ಇರುತ್ತಿದ್ದರು. ಗೆಳೆಯರ ನಡುವಿನ ಬಿಡುವಿನ ಚರ್ಚೆ, ಒಬ್ಬನ ಫಲಿತಾಂಶದ ಮೇಲೆ ಇನ್ನೊಬ್ಬನ ತಕರಾರು, ಮುಂದೆ ಯಾವ ಪ್ರಶ್ನೆ ಹಿಡಿಯಬಹುದು ಎಂಬ ಸುಳಿವು, ಇವೆಲ್ಲ ಅವರ ಪಾಲಿಗೆ ಇರಲಿಲ್ಲ. ಸೌಲಭ್ಯ ಸಿಕ್ಕಿತು, ಸಹವಾಸ ಸಿಗಲಿಲ್ಲ.

ಇದಕ್ಕೆ ಎರಡು ಆಕ್ಷೇಪಗಳಿವೆ. ರಾಮನ್ ಶಿಷ್ಯರಲ್ಲಿ ಒಬ್ಬರೇ ಹೆಸರು ಹಾಕಿ ಪ್ರಕಟಿಸುವುದು ಗಂಡಸರಲ್ಲೂ ವಾಡಿಕೆಯಾಗಿತ್ತು, ಆದ್ದರಿಂದ ಒಂಟಿ ಹೆಸರಿನ ಪ್ರಬಂಧ ಒಂಟಿತನದ ಪುರಾವೆಯಲ್ಲ ಎಂಬುದು ಮೊದಲನೆಯದು. ಇದರಲ್ಲಿ ಹುರುಳಿದೆ. ಆದರೆ 1930ರ ದಶಕದಲ್ಲಿ ಎನ್.ಎಸ್. ನಾಗೇಂದ್ರನಾಥ್ ಅವರೊಡನೆ ರಾಮನ್ ಜಂಟಿಯಾಗಿ ಬರೆದ ಪ್ರಬಂಧಗಳಿಂದ ‘ರಾಮನ್–ನಾಥ್ ಸಿದ್ಧಾಂತ’ ಎಂಬ ಹೆಸರೇ ಉಳಿದಿದೆ. ಅಂಥ ಜೋಡಿ ಹೆಸರು ಆ ಮೂವರಲ್ಲಿ ಯಾರಿಗೂ ಬರಲಿಲ್ಲ. ಜೋಡಿ ಹೆಸರು ಇದ್ದ ಮಾತ್ರಕ್ಕೆ ಮನ್ನಣೆ ಸಮನಾಗಿ ಬರುತ್ತಿತ್ತು ಎಂದೂ ಅಲ್ಲ: 1928ರಲ್ಲಿ ಹೊಸ ವಿಕಿರಣವನ್ನು ಪ್ರಕಟಿಸಿದ ಪ್ರಬಂಧದಲ್ಲಿ ಕೆ.ಎಸ್. ಕೃಷ್ಣನ್ ಹೆಸರೂ ಇತ್ತು, 1930ರ ನೊಬೆಲ್ ರಾಮನ್ ಒಬ್ಬರಿಗೇ ಬಂತು.

ಎರಡನೆಯ ಆಕ್ಷೇಪ ಅನ್ನಾ ಮಣಿಯವರದೇ. ಹೆಣ್ಣೆಂಬ ಕಾರಣಕ್ಕೆ ತಮಗೆ ಅನ್ಯಾಯವಾಯಿತು ಎಂಬ ನಿರೂಪಣೆಯನ್ನು ಅವರು ಒಪ್ಪುತ್ತಿರಲಿಲ್ಲ. ಪಿಎಚ್.ಡಿ. ಇಲ್ಲದ್ದರಿಂದ ತಮಗೇನೂ ನಷ್ಟವಾಗಲಿಲ್ಲ ಎಂದೇ ಹೇಳಿದರು. ಅದೇ ಸಂದರ್ಶನದಲ್ಲಿ ಸಣ್ಣಪುಟ್ಟ ಅವಮಾನಗಳನ್ನೂ ನೆನೆದರು. ಅವರ ಮಾತನ್ನು ತೆಗೆದುಕೊಳ್ಳಬೇಕೋ ಅವರು ಕೊಟ್ಟ ವಿವರಗಳನ್ನೋ ಎಂಬಲ್ಲಿ ಬರೆಯುವವರು ಎರಡು ಪಕ್ಷವಾಗಿದ್ದಾರೆ. ವೃತ್ತಿಯ ದಾರಿ ತಿರುಗಿದ್ದಂತೂ ನಿಜ. ಭೌತವಿಜ್ಞಾನದಲ್ಲಿ ಮುಂದುವರಿಯಬೇಕೆಂದಿದ್ದ ಅವರು ಸರ್ಕಾರಿ ವಿದ್ಯಾರ್ಥಿವೇತನದಲ್ಲಿ ಬ್ರಿಟನ್‌ಗೆ ಹೋಗಿ ಹವಾಮಾನ ಉಪಕರಣಗಳ ತರಬೇತಿ ಪಡೆದರು, 1948ರಲ್ಲಿ ಪುಣೆಯ ಹವಾಮಾನ ಇಲಾಖೆಗೆ ಸೇರಿದರು. ಅಲ್ಲಿ ಸುಮಾರು ನೂರು ಉಪಕರಣಗಳ ನಕ್ಷೆಗಳನ್ನು ಪ್ರಮಾಣೀಕರಿಸಿ ದೇಶದಲ್ಲೇ ತಯಾರಿಸುವಂತೆ ಮಾಡಿದರು. ತಾವು ತಂಡದ ಮಾತುಕತೆಯಿಂದ ಹೊರಗುಳಿದಿದ್ದವರು ನೂರಕ್ಕೂ ಹೆಚ್ಚು ಮಂದಿಯ ವಿಭಾಗವನ್ನು ನಡೆಸಿದರು, 1976ರಲ್ಲಿ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು. ಆಮೇಲೆ ಬೆಂಗಳೂರಿಗೆ ಮರಳಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಕೆಲಕಾಲ ಇದ್ದರು. ಗಾಳಿಯ ವೇಗ ಮತ್ತು ಸೌರಶಕ್ತಿ ಅಳೆಯುವ ಉಪಕರಣಗಳ ಪುಟ್ಟ ಕಾರ್ಖಾನೆಯನ್ನೂ ನಡೆಸಿದರು.

ದಂಪತಿ ಪ್ರಯೋಗಾಲಯ ಮತ್ತು ನಂತರದ ದಶಕಗಳು

ಸ್ವಾತಂತ್ರ್ಯದ ನಂತರದ ಮೂರು ದಶಕಗಳನ್ನು ಬೇಗ ದಾಟಬಹುದು. ರಾಜೇಶ್ವರಿ ಚಟರ್ಜಿ (1922–2010) ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದವರು. ಅವರ ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಆರಂಭದ ಮಹಿಳಾ ಪದವೀಧರರಲ್ಲಿ ಒಬ್ಬರು. ಮಿಷಿಗನ್‌ನಲ್ಲಿ ಪಿಎಚ್.ಡಿ. ಮುಗಿಸಿ 1953ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ವಿದ್ಯುತ್ ಸಂವಹನ ವಿಭಾಗದ ಅಧ್ಯಾಪಕಿಯಾದರು. ಅದೇ ವಿಭಾಗದ ಶಿಶಿರ ಕುಮಾರ ಚಟರ್ಜಿಯವರನ್ನು ಮದುವೆಯಾಗಿ, ಇಬ್ಬರೂ ಸೇರಿ ಮೈಕ್ರೋವೇವ್ ಸಂಶೋಧನಾಲಯವನ್ನು ಕಟ್ಟಿದರು. ರಾಜೇಶ್ವರಿಯವರ ಮಾರ್ಗದರ್ಶನದಲ್ಲಿ 20 ಮಂದಿ ಪಿಎಚ್.ಡಿ. ಪಡೆದರು. ಗಂಡ ಹೆಂಡತಿ ಒಂದೇ ತಂಡದಲ್ಲಿದ್ದರೆ ಹೆಂಡತಿಯ ಕೆಲಸ ಗಂಡನ ಖಾತೆಗೆ ಜಮೆಯಾಗುವುದು ಜಗತ್ತಿನಾದ್ಯಂತ ಕಂಡಿರುವ ಚಾಳಿ. ಇಲ್ಲಿ ಹಾಗಾಗಲಿಲ್ಲ. ಆಕೆಗೆ ತನ್ನದೇ ಹುದ್ದೆ, ತನ್ನದೇ ಶಿಷ್ಯರು, ತನ್ನದೇ ಪುಸ್ತಕಗಳಿದ್ದವು.

ಹವಾಮಾನ ವಿಜ್ಞಾನಿ ಸುಲೋಚನಾ ಗಾಡ್ಗೀಳ್ 1973ರಲ್ಲಿ ಸಂಸ್ಥೆಗೆ ಬಂದರು. ಮುಂಗಾರಿನ ಮೋಡಪಟ್ಟಿ ಹಿಂದೂ ಮಹಾಸಾಗರದಿಂದ ಉತ್ತರಕ್ಕೆ ಸರಿಯುವುದನ್ನು ಉಪಗ್ರಹ ಚಿತ್ರಗಳಲ್ಲಿ ಗುರುತಿಸಿ ಡಿ.ಆರ್. ಸಿಕ್ಕಾ ಅವರೊಡನೆ 1980ರಲ್ಲಿ ಬರೆದ ಪ್ರಬಂಧ ಇಂದಿಗೂ ಆಧಾರಗ್ರಂಥದಂತಿದೆ. ಪಾವಗಡದ ಕಡಲೆಕಾಯಿ ಬೆಳೆಗಾರರ ಜೊತೆ ಕೂತು ಬಿತ್ತನೆಯ ಕಾಲ ಲೆಕ್ಕಹಾಕಿದ್ದೂ ಅವರ ತಂಡವೇ.

ಕೋಲಾರದ ಗಣಿ: ಲೇಖಕರ ಪಟ್ಟಿ ಮತ್ತು ಬಿಭಾ ಚೌಧುರಿ

ಕೋಲಾರದ ಚಾಂಪಿಯನ್ ರೀಫ್ ಗಣಿಯಲ್ಲಿ ನೆಲದಿಂದ ಎರಡು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ 1965ರಲ್ಲಿ ವಾಯುಮಂಡಲದ ನ್ಯೂಟ್ರಿನೋಗಳ ಸುಳಿವು ಸಿಕ್ಕಿತು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಜಪಾನಿನ ಒಸಾಕಾ ಸಿಟಿ ಮತ್ತು ಇಂಗ್ಲೆಂಡಿನ ಡರಮ್ ವಿಶ್ವವಿದ್ಯಾಲಯಗಳು ಕೂಡಿ ಮಾಡಿದ ಪ್ರಯೋಗವಿದು. ಕರ್ನಾಟಕದ ನೆಲದಲ್ಲಿ ನಡೆದ ಆರಂಭದ ಅಂತರರಾಷ್ಟ್ರೀಯ ಸಹಯೋಗಗಳಲ್ಲಿ ಒಂದು. ಪ್ರಬಂಧದಲ್ಲಿ 11 ಹೆಸರುಗಳಿದ್ದವು.

ವಿಶ್ವಕಿರಣ ವಿಜ್ಞಾನಿ ಬಿಭಾ ಚೌಧುರಿ ಅದೇ ಗಣಿಯಲ್ಲಿ ದುಡಿದವರು. ಕಲ್ಕತ್ತದಲ್ಲಿ ಡಿ.ಎಂ. ಬೋಸ್ ಅವರೊಡನೆ ಛಾಯಾಫಲಕಗಳಲ್ಲಿ ಮೆಸಾನ್ ಕಣಗಳ ಜಾಡು ಹಿಡಿದು 1940ರ ಆಸುಪಾಸಿನಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದ್ದರು. ಅದೇ ತಂತ್ರವನ್ನು ಉತ್ತಮಪಡಿಸಿದ ಸೆಸಿಲ್ ಪೊವೆಲ್ ಅವರಿಗೆ 1950ರ ನೊಬೆಲ್ ಬಂತು. ಬಿಭಾ ಮ್ಯಾಂಚೆಸ್ಟರ್‌ನಲ್ಲಿ ಪಿಎಚ್.ಡಿ. ಮಾಡಿ ಟಾಟಾ ಸಂಸ್ಥೆ ಸೇರಿದರು, ನಂತರ ಅಹಮದಾಬಾದಿನ ಭೌತ ಸಂಶೋಧನಾ ಪ್ರಯೋಗಾಲಯದಲ್ಲಿದ್ದಾಗ ಕೋಲಾರದ ಆಳದಲ್ಲಿ ಕಣಗಳ ಅಧ್ಯಯನದಲ್ಲಿ ಪಾಲ್ಗೊಂಡರು. 1965ರ ಪಟ್ಟಿಯಲ್ಲಿ ಅವರ ಹೆಸರಿಲ್ಲ. ಅವರನ್ನು ‘ಕೋಲಾರದಲ್ಲಿ ನ್ಯೂಟ್ರಿನೋ ಕಂಡುಹಿಡಿದವರು’ ಎಂದು ಅಲ್ಲಲ್ಲಿ ಬರೆದಿರುವುದು ತಪ್ಪು. ಮರೆತವರನ್ನು ನೆನೆಯುವ ಭರದಲ್ಲಿ ಬೇರೆ ತಂಡದ ಫಲವನ್ನು ಅವರ ತಲೆಗೆ ಕಟ್ಟಬೇಕಿಲ್ಲ, ಅವರದೇ ಕೆಲಸ ಸಾಕಷ್ಟಿದೆ. 2018ರಲ್ಲಿ ಅವರ ಜೀವನಚರಿತ್ರೆ ಬಂತು. 2019ರಲ್ಲಿ ಒಂದು ನಕ್ಷತ್ರಕ್ಕೆ ‘ಬಿಭಾ’ ಎಂದು ಹೆಸರಿಡಲಾಯಿತು.

ಇಸ್ರೋ: ಒಂದು ಛಾಯಾಚಿತ್ರದ ಸುತ್ತ

2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರಿದಾಗ ಬೆಂಗಳೂರಿನಲ್ಲಿ ತೆಗೆದ ಚಿತ್ರವೊಂದು ಲೋಕವಿಖ್ಯಾತವಾಯಿತು. ರೇಷ್ಮೆ ಸೀರೆ ಉಟ್ಟು ಮುಡಿಗೆ ಹೂ ಮುಡಿದ ಮಹಿಳೆಯರು ನಗುತ್ತ ಒಬ್ಬರನ್ನೊಬ್ಬರು ಅಪ್ಪಿಕೊಳ್ಳುತ್ತಿರುವ ಚಿತ್ರ. ಇವರೇ ಮಂಗಳಕ್ಕೆ ನೌಕೆ ಕಳಿಸಿದ ವಿಜ್ಞಾನಿಗಳು ಎಂದು ಎಲ್ಲೆಡೆ ಹಂಚಿಕೆಯಾಯಿತು. ಅವರು ಆಡಳಿತ ವಿಭಾಗದ ಸಿಬ್ಬಂದಿ ಎಂದೂ, ನಿಯಂತ್ರಣ ಕೊಠಡಿಯಲ್ಲಿ ಮಹಿಳಾ ವಿಜ್ಞಾನಿಗಳು ಬೇರೆ ಇದ್ದರೆಂದೂ ಇಸ್ರೋ ಆಮೇಲೆ ಸ್ಪಷ್ಟಪಡಿಸಿತು. ಚಿತ್ರದಲ್ಲಿ ಇಲ್ಲದವರಲ್ಲಿ ಉಪ ಕಾರ್ಯಾಚರಣೆ ನಿರ್ದೇಶಕಿಯರಾಗಿದ್ದ ರಿತು ಕರಿಧಾಲ್ ಮತ್ತು ನಂದಿನಿ ಹರಿನಾಥ್ ಸೇರಿದ್ದಾರೆ. ತಪ್ಪು ಶೀರ್ಷಿಕೆಯ ಆ ಚಿತ್ರ ಈಗಲೂ ಓಡಾಡುತ್ತಿದೆ. ಆದರೆ ನಿಜವಾಗಿ ಯಾರಿದ್ದರು ಎಂದು ಪತ್ರಕರ್ತರು ಹುಡುಕಿಕೊಂಡು ಹೋಗಲು ಕಾರಣವಾದದ್ದೂ ಅದೇ.

ಬಾಹ್ಯಾಕಾಶ ಯೋಜನೆಗಳಲ್ಲಿ ಮನ್ನಣೆ ಬರುವುದು ಪ್ರಬಂಧದ ಲೇಖಕರ ಪಟ್ಟಿಯಿಂದಲ್ಲ, ಹುದ್ದೆಯಿಂದ. ಯೋಜನಾ ನಿರ್ದೇಶಕರು ಯಾರು ಎಂಬುದು ಕಡತದಲ್ಲಿ ಇರುತ್ತದೆ, ಅದನ್ನು ಅಳಿಸುವುದು ಕಷ್ಟ. 2011ರ ಜುಲೈ 15ರಂದು ಹಾರಿದ ಜಿಸ್ಯಾಟ್-12 ಉಪಗ್ರಹದ ಯೋಜನಾ ನಿರ್ದೇಶಕಿ ಬೆಂಗಳೂರಿನ ಟಿ.ಕೆ. ಅನುರಾಧಾ, ಆ ಯೋಜನೆಯ ಮೂರು ಪ್ರಮುಖ ಹೊಣೆಗಳೂ ಮಹಿಳೆಯರ ಕೈಯಲ್ಲಿದ್ದವು. 2019ರ ಚಂದ್ರಯಾನ-2ಕ್ಕೆ ಎಂ. ವನಿತಾ ಯೋಜನಾ ನಿರ್ದೇಶಕಿ, ರಿತು ಕರಿಧಾಲ್ ಮಿಷನ್ ನಿರ್ದೇಶಕಿ. 2023ರ ಆದಿತ್ಯ-ಎಲ್1ಕ್ಕೆ ನಿಗಾರ್ ಶಾಜಿ ಯೋಜನಾ ನಿರ್ದೇಶಕಿ. ಹುದ್ದೆಯಿಂದ ಬರುವ ಮನ್ನಣೆ ಮೇಲಿನ ನಾಲ್ಕಾರು ಮಂದಿಗೆ ಸ್ಪಷ್ಟ. ಕೆಳಗಿನ ಸಾವಿರಾರು ಮಂದಿಗೆ ಅಷ್ಟೇ ಅಸ್ಪಷ್ಟ.

ಕಾಫಿ ಸೀಮೆ

ಮೂಡಿಗೆರೆ, ಜಾವಳಿ, ಕಳಸದ ಬೆಳೆಗಾರರಿಗೆ ಸಂಶೋಧನೆ ಎಂದರೆ ಬಾಳೆಹೊನ್ನೂರು. ಮೈಸೂರು ಸಂಸ್ಥಾನದ ಕೃಷಿ ನಿರ್ದೇಶಕರಾಗಿದ್ದ ಕೆನಡಾದ ಲೆಸ್ಲಿ ಕೋಲ್ಮನ್ ಅವರ ಮುತುವರ್ಜಿಯಿಂದ 1925ರಲ್ಲಿ ಅಲ್ಲಿ ಕಾಫಿ ಪ್ರಯೋಗ ಕೇಂದ್ರ ಆರಂಭವಾಯಿತು. ನಂತರ ಅದು ಕಾಫಿ ಮಂಡಳಿಗೆ ಸೇರಿ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆಯಾಯಿತು. ಇಲ್ಲಿನ ಕೆಲಸ ಮೊದಲಿನಿಂದಲೂ ತಂಡದ್ದೇ. ಅದರ ಫಲಕ್ಕೆ ಸಾಮಾನ್ಯವಾಗಿ ವ್ಯಕ್ತಿಯ ಹೆಸರಿಲ್ಲ. ತುಕ್ಕು ರೋಗ ತಡೆಯಲೆಂದು ಬೆಳೆಗಾರ ಕೆಂಟ್ ಆರಿಸಿದ ತಳಿ ‘ಕೆಂಟ್ಸ್’ ಆಯಿತು. ಅದನ್ನು ಎಸ್.288 ತಳಿಯೊಡನೆ ಕೂಡಿಸಿ ಕೇಂದ್ರ 1940ರ ದಶಕದ ನಡುವೆ ಬಿಡುಗಡೆ ಮಾಡಿದ್ದು ಎಸ್.795, ಬರೀ ಸಂಖ್ಯೆ. ಅದು ಇಂದಿಗೂ ಮಲೆನಾಡಿನ ಅರೇಬಿಕಾ ತೋಟಗಳ ಮುಖ್ಯ ತಳಿಗಳಲ್ಲಿ ಒಂದು.

ತಳಿ ಕೂಡಿಸುವ ಕೆಲಸ ಹತ್ತಿರದಿಂದ ನೋಡಿದವರಿಗೆ ಗೊತ್ತು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಗಿಡವಿಡೀ ಒಂದೇ ಸಲ ಅರಳುತ್ತದೆ. ಅರಳುವ ಮುನ್ನ ಮೊಗ್ಗಿನಿಂದ ಕೇಸರ ಕಿತ್ತು, ಕೊಂಬೆಗೆ ಚೀಲ ಕಟ್ಟಿ, ಬೇರೆ ಗಿಡದ ಪರಾಗ ಮುಟ್ಟಿಸಿ, ಚೀಟಿ ಕಟ್ಟಬೇಕು. ಎರಡು ಮೂರು ದಿನದೊಳಗೆ ಮುಗಿಯದಿದ್ದರೆ ಆ ವರ್ಷ ಹೋಯಿತು. ಆಮೇಲೆ ಗಿಡ ಫಲ ಕೊಟ್ಟು ಗುಣ ತಿಳಿಯಲು ವರ್ಷಗಳು ಬೇಕು. ಒಬ್ಬ ವಿಜ್ಞಾನಿಯ ಸೇವಾವಧಿಯಲ್ಲಿ ಒಂದೆರಡು ತಳಿ ಬಂದರೆ ಹೆಚ್ಚು. ಹೆರಿಗೆ, ವರ್ಗಾವಣೆಯಿಂದ ಎರಡು ಹೂಮಳೆ ತಪ್ಪಿಸಿಕೊಂಡವರ ಸೇವಾದಾಖಲೆಯಲ್ಲಿ ಆಗುವ ಕಂದರ, ತಿಂಗಳುಗಳಲ್ಲಿ ಪ್ರಯೋಗ ಮುಗಿಯುವ ವಿಭಾಗದವರಿಗಿಂತ ದೊಡ್ಡದು.

ಈಚಿನ ತೋಟದ ಸಂಶೋಧನೆ ಬೇರೆ ಬಗೆಯದು. ಚಿಕ್ಕಮಗಳೂರು, ಹಾಸನ, ಕೊಡಗಿನ 61 ಕಾಫಿ ತೋಟಗಳಲ್ಲಿ ಹಕ್ಕಿಗಳನ್ನು ಎಣಿಸಿ 2018ರಲ್ಲಿ ಪ್ರಕಟವಾದ ಅಧ್ಯಯನದ ಲೇಖಕರು ಷಾರ್ಲಟ್ ಚಾಂಗ್, ಕೃತಿ ಕಾರಂತ ಮತ್ತು ಪಾಲ್ ರಾಬಿನ್ಸ್. ಅರೇಬಿಕಾದಲ್ಲಿ ಹಕ್ಕಿ ಜಾತಿಗಳು ಹೆಚ್ಚಿದ್ದರೂ ರೋಬಸ್ಟಾ ತೋಟಗಳಲ್ಲೂ ಹಕ್ಕಿಗಳಿಗೆ ನೆಲೆಯಿದೆ, ಒಟ್ಟು ತೋಟಗಳಲ್ಲಿ ಕಾಡನ್ನೇ ನೆಚ್ಚಿದ 79 ಜಾತಿಗಳು ಕಂಡವು ಎಂಬುದು ಅದರ ಫಲಿತಾಂಶ. ಮೂವರು ಲೇಖಕರಲ್ಲಿ ಮೊದಲ ಇಬ್ಬರು ಮಹಿಳೆಯರು. ಯುವ ಸಂಶೋಧಕಿಯ ವೃತ್ತಿಗೆ ಮೊದಲ ಲೇಖಕಿಯ ಸ್ಥಾನ ಎಷ್ಟು ಮುಖ್ಯ ಎಂಬುದನ್ನು ಈ ಕ್ಷೇತ್ರದಲ್ಲಿರುವವರಿಗೆ ಹೇಳಬೇಕಿಲ್ಲ.

ಅಧ್ಯಯನಗಳು ಮತ್ತು ನೀತಿ

ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ 2008ರಲ್ಲಿ ಪ್ರಕಟಿಸಿದ ‘ಲೀಲಾವತೀಸ್ ಡಾಟರ್ಸ್’ (ಸಂಪಾದಕರು ರೋಹಿಣಿ ಗೋಡಬೋಲೆ, ರಾಮ್ ರಾಮಸ್ವಾಮಿ) ಸುಮಾರು ನೂರು ಮಹಿಳಾ ವಿಜ್ಞಾನಿಗಳ ಬದುಕನ್ನು ದಾಖಲಿಸಿತು. 2010ರಲ್ಲಿ ಅಕಾಡೆಮಿ ಮತ್ತು ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆ ಸೇರಿ ನಡೆಸಿದ ಸಮೀಕ್ಷೆ, ಪಿಎಚ್.ಡಿ. ಪಡೆದ ಮಹಿಳೆಯರು ಮನೆವಾರ್ತೆಗಾಗಿಯೇ ಸಂಶೋಧನೆ ಬಿಡುತ್ತಾರೆ ಎಂಬ ನಂಬಿಕೆಯನ್ನು ಪ್ರಶ್ನಿಸಿ, ಕೆಲಸ ಸಿಗದಿರುವುದು ಮತ್ತು ಸಂಸ್ಥೆಗಳ ರೀತಿನೀತಿಗಳ ಕಡೆ ಬೊಟ್ಟು ಮಾಡಿತು. ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದ ಕಣಭೌತವಿಜ್ಞಾನಿ ಗೋಡಬೋಲೆ ಈ ಎರಡರ ಹಿಂದೆಯೂ ಇದ್ದರು. ಅವರು 2024ರ ಅಕ್ಟೋಬರ್ 25ರಂದು ನಿಧನರಾದರು.

ತಂಡದೊಳಗಿನ ಮನ್ನಣೆಯನ್ನು ನೇರವಾಗಿ ಅಳೆದ ಅಧ್ಯಯನಗಳು ಹೆಚ್ಚಾಗಿ ಅಮೆರಿಕದವು. ಅಲ್ಲಿನ 9,778 ಸಂಶೋಧನಾ ತಂಡಗಳ ಸಂಬಳದ ದಾಖಲೆಯನ್ನು ಪ್ರಬಂಧಗಳ ಜೊತೆ ತಾಳೆ ನೋಡಿದ 2022ರ ‘ನೇಚರ್’ ಲೇಖನದ ಪ್ರಕಾರ, ತಂಡದಲ್ಲಿದ್ದ ಮಹಿಳೆಯ ಹೆಸರು ಪ್ರಬಂಧದಲ್ಲಿ ಬರುವ ಸಾಧ್ಯತೆ ಗಂಡಸಿಗಿಂತ ಸುಮಾರು ಶೇ. 13 ಕಡಿಮೆ, ಪೇಟೆಂಟ್‌ನಲ್ಲಿ ಸುಮಾರು ಶೇ. 58 ಕಡಿಮೆ. ಅರ್ಥಶಾಸ್ತ್ರಜ್ಞರ ಬಡ್ತಿಯನ್ನು ನೋಡಿದ ಹೆದರ್ ಸಾರ್ಸನ್ಸ್ ಮತ್ತು ಸಂಗಡಿಗರು (2021) ಇನ್ನೊಂದು ಸಂಗತಿ ಕಂಡರು: ಒಂಟಿ ಪ್ರಬಂಧಕ್ಕೆ ಗಂಡಿಗೂ ಹೆಣ್ಣಿಗೂ ಸಮಾನ ಬೆಲೆ, ಗಂಡಸರೊಡನೆ ಬರೆದ ಜಂಟಿ ಪ್ರಬಂಧಕ್ಕೆ ಹೆಣ್ಣಿಗೆ ಕಡಿಮೆ. ಅನ್ನಾ ಮಣಿಯವರ ಐದು ಒಂಟಿ ಪ್ರಬಂಧಗಳನ್ನು ಈ ಫಲಿತಾಂಶದ ಎದುರಿಟ್ಟು ನೋಡಿದರೆ, ಒಂಟಿಯಾಗಿದ್ದು ಕಳೆದುಕೊಂಡದ್ದೂ ಉಳಿಸಿಕೊಂಡದ್ದೂ ಎರಡೂ ಇವೆ ಎನ್ನಬೇಕಾಗುತ್ತದೆ. ಮಿಶ್ರ ತಂಡಗಳ ಕೆಲಸ ಹೆಚ್ಚು ಹೊಸತನದ್ದು, ಹೆಚ್ಚು ಉಲ್ಲೇಖವಾಗುವಂಥದ್ದು ಎಂದು ವೈದ್ಯಕೀಯ ಪ್ರಬಂಧಗಳ ದೊಡ್ಡ ಅಧ್ಯಯನವೊಂದು 2022ರಲ್ಲಿ ತೋರಿಸಿತು. ಹಾಗಾಗಿ ತಂಡದ ಲಾಭ ಮತ್ತು ತಂಡದಲ್ಲಿರುವ ಮಹಿಳೆಯ ಲಾಭ ಒಂದೇ ಅಲ್ಲ.

ಕೇಂದ್ರ ಸರ್ಕಾರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ ವೃತ್ತಿ ನಡುವೆ ಬಿಟ್ಟ ಮಹಿಳೆಯರಿಗೆ 2002–03ರಿಂದ ಯೋಜನೆಗಳನ್ನು ನಡೆಸುತ್ತಿದೆ. ಬ್ರಿಟನ್ನಿನ ಅಥೀನಾ ಸ್ವಾನ್ ಮಾದರಿಯಲ್ಲಿ ಲಿಂಗ ಸಮಾನತೆಯ ದೃಷ್ಟಿಯಿಂದ ಸಂಸ್ಥೆಗಳನ್ನೇ ಅಳೆಯುವ ‘ಗತಿ’ ಯೋಜನೆ ಪ್ರಾಯೋಗಿಕವಾಗಿ 30 ಸಂಸ್ಥೆಗಳಲ್ಲಿ ಶುರುವಾಯಿತು. ಇಲಾಖೆಯ ಅಂಕಿಅಂಶದಂತೆ ಸರ್ಕಾರಿ ಅನುದಾನದ ಬಾಹ್ಯ ಯೋಜನೆಗಳಲ್ಲಿ ಮಹಿಳೆಯರ ಪಾಲು 2000–01ರಲ್ಲಿ ಶೇ. 13 ಇದ್ದದ್ದು 2016–17ರಲ್ಲಿ ಶೇ. 24ಕ್ಕೆ ಏರಿತು. ಸಂಶೋಧನೆ ಮತ್ತು ಅಭಿವೃದ್ಧಿಯಲ್ಲಿ ನೇರವಾಗಿ ತೊಡಗಿದವರಲ್ಲಿ 2018ರ ಹೊತ್ತಿಗೆ ಮಹಿಳೆಯರು ಶೇ. 16.6. ಈ ಎಣಿಕೆಗಳು ತಲೆಗಳನ್ನು ಮತ್ತು ಯೋಜನೆಗಳನ್ನು ಲೆಕ್ಕಹಾಕುತ್ತವೆ. ತಂಡದೊಳಗೆ ಯಾರಿಗೆ ಯಾವ ಕೆಲಸ ಬಂತು, ಯಾರ ಹೆಸರು ಎಲ್ಲಿ ಕೂತಿತು ಎಂಬ ಅಂಕಣ ಅವುಗಳಲ್ಲಿಲ್ಲ.